ಸೀರೆಯ ಮರೆ

ಹೆಣದ ಕೈಬಳೆ ಒಡೆಯಲು ವೈಜಿನಾಥ ಕಲ್ಲೆತ್ತಿದ್ದ. ಧೂಳಮ್ಮ ಆ ತಣ್ಣನೆಯ ಮಣಿಕಟ್ಟಿನ ಮೇಲೆ ತನ್ನ ಅಂಗೈ ಅಡ್ಡವಿಟ್ಟಳು.

“ಮೊದಲ ನನ್ನ ಕೈ ಒಡೀರಿ.”

“ಸರಿ ಆಕಡಿ. ನಮ್ಮ ಅಣ್ಣಗ ಗಂಡಸಾಗೇ ಮಣ್ಣ ಕೊಡತೀನಿ.”

ಅಣ್ಣ ತುಳಜಾರಾಮ ಬಯಲಾಟದಲ್ಲಿ ರಾಣಿಯಾಗಿ, ಆಟವಿಲ್ಲದ ದಿನಗಳಲ್ಲೂ ಸೀರೆಯಲ್ಲೇ ಬಾಳಿದ ಜೀವ. ನಿನ್ನೆ ಹುಮನಾಬಾದಿನಲ್ಲಿ ಆಟ ಮುಗಿದು, ಬಣ್ಣ ತೊಳೆಯುವ ಮೊದಲೇ ಉಸಿರು ನಿಂತಿತ್ತು. ಈಗ ಮೋರಖಂಡಿಯ ಮನೆಯಂಗಳದಲ್ಲಿ, ಕಾಡಿಗೆಯ ಕಣ್ಣುಗಳು ಎಷ್ಟು ಮುಚ್ಚಿದರೂ ಅರೆ ತೆರೆದುಕೊಳ್ಳುತ್ತಿದ್ದವು. ತನ್ನನ್ನೇ ನೋಡುತ್ತಿವೆಯೆಂದು ಪ್ರತಿಯೊಬ್ಬನೂ ಹಿಂದೆ ಸರಿಯುತ್ತಿದ್ದ.

ಹೆಣ್ಣಿನ ಮೈಯನ್ನು ಹೆಂಗಸರು, ಗಂಡಿನ ಮೈಯನ್ನು ಗಂಡಸರು ತೊಳೆಯುವುದು ಊರಿನ ಕ್ರಮ. ವೈಜಿನಾಥ ಕರೆದರೂ ಗಂಡಸರು ಏಳಲಿಲ್ಲ.

“ಬಕ್ಕಪ್ಪ ಕಾಕಾ, ನೀವರ ಬರ್ರಿ.”

ಆಟದಲ್ಲಿ ರಾಜನಾಗುತ್ತಿದ್ದ ಬಕ್ಕಪ್ಪ ಬೀಡಿ ಹೊಸಕಿದ. “ನನ್ನ ಕೈಲೆ ಆಗಲ್ಲಪಾ. ಜಿಂದಗಿಭರ ಆಕಿಗಿ ರಾಣಿ ಅಂದೀನಿ. ಬತ್ತಲೆ ಹ್ಯಾಂಗ ನೋಡ್ಲಿ?”

“ಆಕಿ ಅಲ್ಲ, ಅಂವ!”

“ಹಂಗಾರ ನೀನೇ ಬಿಚ್ಚು ಸೀರಿ.”

ವೈಜಿನಾಥನ ಕೈ ನಿರಿಗೆಯ ತನಕ ಹೋಗಿ ನಿಂತಿತು.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳತೊಡಗಿದ ಧೂಳಮ್ಮನನ್ನು ಬಸವಕಲ್ಯಾಣದ ಅವಳ ಮನೆಯವರು ಹೊರಹಾಕಿದಾಗ, ಮಗಳೆಂದು ಕರೆತಂದದ್ದು ತುಳಜಾರಾಮ. ಈಗ ಅವಳು ಹೊಸ್ತಿಲಲ್ಲಿ ನಿಂತಿದ್ದ ವೈಜಿನಾಥನ ಹೆಂಡತಿಯತ್ತ ತಿರುಗಿದಳು. “ಸುಮನಕ್ಕಾ, ಇವತ್ತ ಅವ್ವಗ ಹಿಂಗ ಮಾಡಿದ್ರ, ನಾಳೆ ನನ್ನ ಹೆಣ ಯಾರ ಕೈಗಿ ಕೊಡತಾರ್ರಿ?”

*

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಸುಮನಬಾಯಿ ಚೊಚ್ಚಲ ಬಾಣಂತಿ. ಮನೆಯಲ್ಲಿ ಬೇರೆ ಹೆಂಗಸಿರಲಿಲ್ಲ. ತುಳಜಾರಾಮ ಬಚ್ಚಲಿಗೆ ಬಿಸಿನೀರು ಹೊತ್ತು ತಂದಾಗ ಆಕೆ ಸೆರಗೆಳೆದುಕೊಂಡು ಗೋಡೆಗೆ ಒತ್ತಿಕೊಂಡಳು.

“ಭಾವ, ನೀವು…”

“ಅಕ್ಕ ಅನ್ನು, ಹುಚ್ಚಿ. ನೀರು ಆರಾಕತ್ತದ.”

ಬೆನ್ನಿಗೆ ಎಣ್ಣೆ ತಿಕ್ಕಿದ ಆ ಕೈಗಳಲ್ಲಿ ಗಂಡಸು ಒಮ್ಮೆಯೂ ಇರಲಿಲ್ಲ. ಅದನ್ನು ಗಂಡನಿಗೆ ಹೇಳುವ ಧೈರ್ಯ ಮಾತ್ರ ಆಕೆಗೆ ಬಂದಿರಲಿಲ್ಲ.

*

ಸುಮನಬಾಯಿ ನೀರಿನ ಕೊಡ ತಂದು ಹೆಣದ ಪಕ್ಕದಲ್ಲಿಟ್ಟಳು.

“ನಿನಗೇನ ಕೆಲಸ ಇಲ್ಲಿ? ನಿನ್ನ ಭಾವ ಅಂವ,” ಎಂದ ವೈಜಿನಾಥ.

“ನನ್ನ ಬಾಣಂತನದಾಗ ಮೈ ತೊಳದಾಕಿ ಈಕಿ. ಭಾವ ಅಂತೀರೇನು? ಹಂಗಾರ ನನ್ನ ಇಜ್ಜತ್ ಅವತ್ತೇ ಹೋಗ್ಯಾದ. ಎಲ್ಲರ ಮುಂದ ಹೇಳ್ರಿ, ಭಾವನೋ, ಅಕ್ಕನೋ?”

ವೈಜಿನಾಥ ಕಲ್ಲನ್ನು ಕೆಳಗಿಟ್ಟ.

ನೆರೆಯ ಹೆಂಗಸರು ಸೀರೆಯೊಂದನ್ನು ಮರೆ ಹಿಡಿದರು. ಸುಮನಬಾಯಿ, ಧೂಳಮ್ಮ ಒಳಗೆ ಹೋದರು. ಮೊದಲ ತಂಬಿಗೆ ನೀರು ಬಿದ್ದಾಗ ಯಾರೋ ಸರ್ರನೆ ಉಸಿರೆಳೆದುಕೊಂಡ ಸದ್ದು ಬಂತು. ಅದು ಮರೆಯೊಳಗಿನ ಮೂವರಲ್ಲಿ ಯಾರದೆಂದು ಹೊರಗಿದ್ದವರಿಗೆ ತಿಳಿಯಲಿಲ್ಲ.

ಬಕ್ಕಪ್ಪ ಎದ್ದು ಮರೆಗೆ ಬೆನ್ನು ತಿರುಗಿಸಿ ನಿಂತ. ಒಬ್ಬೊಬ್ಬರಾಗಿ ಉಳಿದ ಗಂಡಸರೂ ತಿರುಗಿದರು. ಎಲ್ಲರಿಗಿಂತ ಕೊನೆಗೆ, ವೈಜಿನಾಥ ಗೋಡೆಯತ್ತ ಮುಖ ಮಾಡಿದ.