ಕೊನೆಯ ಅಧ್ಯಾಯಕ್ಕೆ ಹಾಕಿದ ಪಿನ್ನು

ಮಲಾಂಗ್ ಊರಿನಲ್ಲಿ ‘ಬು’, ಅಂದರೆ ಅಮ್ಮ, ಎಂದೇ ಎಲ್ಲರೂ ಕರೆಯುತ್ತಿದ್ದ ಬು ಕಾಸ್ಮಿನಿ ನಡೆಸುತ್ತಿದ್ದ ಬಾಡಿಗೆ ಪುಸ್ತಕದಂಗಡಿಯ ಓದುಗರಿಗೆಲ್ಲ ಒಂದು ಕಳ್ಳಚಾಳಿ ಇತ್ತು. ಓದಿದ್ದನ್ನೇ ಮತ್ತೆ ಮನೆಗೆ ಹೊತ್ತೊಯ್ಯಬಾರದೆಂದು ಹದಿನೇಳನೆಯ ಪುಟದ ಮೂಲೆಯಲ್ಲಿ ಒಬ್ಬೊಬ್ಬರು ಒಂದೊಂದು ಗುರುತು ಹಾಕುತ್ತಿದ್ದರು. ಪಲುಪಿಯದು ನಕ್ಷತ್ರ; ಅವಳ ಗೆಳತಿ ವೆನಿಂಗ್ ಬರೆಯುತ್ತಿದ್ದುದು ಮೀನು. ‘ಉಪ್ಪಿನ ಅರಮನೆ’ ಕಥಾಮಾಲೆಯ ಆರೂ ಪುಸ್ತಕಗಳಲ್ಲಿ ನಕ್ಷತ್ರವೂ ಮೀನೂ ಅಕ್ಕಪಕ್ಕದಲ್ಲೇ ಇದ್ದವು. ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಬ್ಬಳು ಓದುವುದು, ಇನ್ನೊಬ್ಬಳು ಕರಿದ ಬಾಳೆಹಣ್ಣು ತಿನ್ನುತ್ತಾ ಕೇಳುವುದು. ಎಂಥ ಸುಖದ ಮಧ್ಯಾಹ್ನಗಳಪ್ಪಾ ಅವು!

ಕೆಡಿಸಿದ್ದು ಪಲುಪಿಯ ಬಾಯಿ. ಆರನೆಯದನ್ನು ಕದ್ದು ಮೊದಲೇ ಓದಿ, “ರಾಜಕುಮಾರಿಯ ಅಣ್ಣ ಕೊಕ್ಕರೆಯಾಗ್ಬಿಡ್ತಾನೆ ಕಣೇ!” ಎಂದು ಊದಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೂ ಕರೆದೂ ಆದ ಮೇಲೆ ವೆನಿಂಗ್, ಏಳನೆಯದನ್ನಾದರೂ ಜೊತೆಗೇ ಓದಬೇಕೆಂದು ಆಣೆ ಹಾಕಿಸಿಕೊಂಡಳು.

ಆ ಏಳನೆಯದು ಬರಲು ಹಿಡಿದದ್ದು ಹನ್ನೊಂದು ವರ್ಷ! ಅಷ್ಟರಲ್ಲಿ ಪಲುಪಿ ಮದುವೆಯಾಗಿ ಸುರಬಾಯ ಪಟ್ಟಣ ಸೇರಿದ್ದಳು, ವೆನಿಂಗ್ ಟೀಚರಾಗಿ ಕಡಲಾಚೆಯ ಕಾಲಿಮಂತಾನಿಗೆ ಹೋಗಿದ್ದಳು. ಪುಸ್ತಕ ಬಂದ ದಿನವೇ ಪಲುಪಿ ಕೊಂಡು ತಂದು ಕೂತ ಕೂತಲ್ಲೇ ಮುಗಿಸಿದಳು. ಮುಗಿಸಿದ ಮೇಲೆ ನಾಚಿಕೆ. ಯಾವ ಮುಖ ಹೊತ್ತು ಫೋನ್ ಮಾಡುವುದು? ನಾಲ್ಕು ವರ್ಷ ಮಾಡಲೇ ಇಲ್ಲ.

ಈಗ ಅಂಗಡಿ ಮುಚ್ಚುತ್ತಿದೆ, ಬೇಕಾದ ಪುಸ್ತಕ ಒಯ್ಯಿರಿ ಎಂಬ ಸುದ್ದಿ ತಿಳಿದು ಬಂದವಳು, ಮೊದಲು ಎಳೆದದ್ದೇ ಏಳನೆಯದನ್ನು. ಹದಿನೇಳನೆಯ ಪುಟದಲ್ಲಿ ಮೀನು! ಅಂದರೆ ಅವಳೂ ಆಣೆ ಮುರಿದಿದ್ದಾಳೆ. ಪಲುಪಿಗೆ ಎದೆ ಹಗುರಾಯಿತು. ನಗುತ್ತಲೇ ಪುಟ ಮಗುಚಿದಳು. ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಸೇರಿಸಿ ತಲೆವಸ್ತ್ರದ ಪಿನ್ನು ಚುಚ್ಚಿತ್ತು.

“ಅದನ್ನ ಕೀಳ್ಬೇಡ ಮಾರಾಯ್ತಿ,” ಎಂದರು ಬು ಕಾಸ್ಮಿನಿ. “ವೆನಿಂಗ್ ಹಬ್ಬಕ್ಕೆ ಬಂದಾಗ ಹಾಕಿದ್ದು. ‘ಆಸೆ ತಡೀಲಿಲ್ಲ ಬು, ಇಲ್ಲೀತನಕ ಓದ್ಬಿಟ್ಟೆ, ಕೊನೇದು ಪಲುಪಿ ಬಂದ್ಮೇಲೇ’ ಅಂದ್ಲು. ಆಮೇಲೆ ನಾನಿದನ್ನ ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ.”

ಪಲುಪಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದಳು.

“ವೆನಿಂಗ್, ನಾನು ಕಣೇ. ಅಂಗಡೀಲಿದೀನಿ. ನೀನು ಪಿನ್ನು ಹಾಕಿದ ಪುಸ್ತಕ ಕೈಲಿದೆ.” ಸುಳ್ಳು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. “ನಾನು ಆಗ್ಲೇ ಓದ್ಬಿಟ್ಟಿದೀನಿ ಕಣೇ. ಪೂರ್ತಿ.”



“ಗೊತ್ತು ಬಿಡೆ, ಬಾಯಿಬಡುಕಿ. ನಿನ್ನ ಬುದ್ಧಿ ನಂಗೆ ಗೊತ್ತಿಲ್ವಾ? ಬಂದ ದಿನಾನೇ ನುಂಗಿರ್ತೀಯ. ಅದಕ್ಕೇ ನಾಲ್ಕು ವರ್ಷ ಮುಖ ಮರೆಸ್ಕೊಂಡ್ಯಾ, ಕತ್ತೆ? ಓದು ಈಗ. ಮುಂದಿಂದು ಬಾಯಿಬಿಟ್ರೆ ನೋಡು!”

ಪಲುಪಿ ಪಿನ್ನು ಕಿತ್ತು ಓದತೊಡಗಿದಳು. ಉಪ್ಪಿನ ದಡಕ್ಕೆ ಕೊಕ್ಕರೆ ಬಂದಿಳಿಯುವ ಜಾಗದಲ್ಲಿ ಓದು ನಿಲ್ಲಿಸಿದಳು. ನಾಲ್ಕು ವರ್ಷದ ಹಿಂದೆ ಒಬ್ಬಳೇ ಅತ್ತಿದ್ದು ಇಲ್ಲೇ.

“ಯಾಕೆ ನಿಲ್ಸಿದೆ? ಸತ್ತೋಗ್ತಾನಾ? ಹೇಳೇ, ಸತ್ತೋಗ್ತಾನಾ?”

ಪಲುಪಿ ಕಣ್ಣೊರೆಸಿಕೊಂಡಳು. “ಪುಟ ತಿರುಗಿಸ್ತಿದೀನಿ, ಇರು,” ಎಂದಳು. ಬೇರೇನೂ ಹೇಳಲಿಲ್ಲ.