ಬಿಸಿ ದೋಸೆ, ತಣ್ಣನೆ ಷರಬತ್ತು

ಸಂತೆಗೆ ಹೋದವರಿಗೆ ಮಧ್ಯಾಹ್ನ ಹೊಟ್ಟೆ ಹಸಿಯುತ್ತದೆ. ಪ್ರತಿ ಸಲವೂ ಬುತ್ತಿ ಕಟ್ಟಿಕೊಂಡು ಹೋಗಲು ಆಗುವುದಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕಾವಲಿಯ ಮೇಲೆ ದೋಸೆ ಚೊಯ್ ಎಂದರೆ ಕಾಲು ತಾನಾಗಿಯೇ ಅತ್ತ ತಿರುಗುತ್ತದೆ. ಸೋಸಲೆಯ ಪುಟ್ಟಲಕ್ಷ್ಮಿಗೂ ಹಾಗೇ ಆಯಿತು.

ಎಂಬತ್ತನಾಲ್ಕನೇ ಇಸವಿಯ ಬೇಸಿಗೆ. ಪುಟ್ಟಲಕ್ಷ್ಮಿಯೂ ಅವಳ ಗಂಡ ಶಿವಣ್ಣನೂ ಎತ್ತಿಗೆ ಹಗ್ಗ ಕೊಳ್ಳಲು ಟಿ. ನರಸೀಪುರಕ್ಕೆ ಬಂದಿದ್ದರು. ಮದುವೆಯಾಗಿ ಬಂದಾಗಿನಿಂದ ಅವಳು ಹೋಟೆಲಿಗೆ ಕಾಲಿಟ್ಟವಳಲ್ಲ. ಅತ್ತೆ ಜವರಮ್ಮನಿಗೆ ಹೋಟೆಲೆಂದರೆ ಆಗದು. "ಒಲೆ ಕೆಟ್ಟೋದ ಮನೆಯೋರು ಓಟ್ಲಿಗೆ ಓಗ್ತಾರೆ" ಅನ್ನುವುದು ಅವಳ ಮಾತು. ಆದರೆ ಬಸ್ಸಿಗೆ ಕಾಯುವಾಗಲೆಲ್ಲ ಪುಟ್ಟಲಕ್ಷ್ಮಿಯ ಕಣ್ಣು ಅಲ್ಲಿನ ದೋಸೆ ಹೋಟೆಲಿನ ಮಲ್ಲಯ್ಯನ ಕಾವಲಿಯ ಮೇಲೇ ಇರುತ್ತಿತ್ತು. ಶಿವಣ್ಣ ಅದನ್ನು ಕಂಡಿದ್ದ.

"ಬಾಮ್ಮಿ, ಇವತ್ತು ಮಲ್ಲಯ್ಯನ ತಾವ ದೋಸೆ ತಿಂದೇ ಓಗಾನ," ಎಂದ.

"ಅತ್ತೆಗೆ ಗೊತ್ತಾದ್ರೆ?"

"ಅವ್ವಂಗೆ ನಾನೇಳ್ತೀನಿ. ನಡಿ."

ಮಲ್ಲಯ್ಯನ ಹೋಟೆಲೆಂದರೆ ಒಂದು ತಗಡಿನ ಚಪ್ಪರ, ಎರಡು ಬೆಂಚು, ಸದಾ ಉರಿಯುವ ಒಲೆ. "ಮೊದಲ ಸಲ ಬಂದಿದೀಯ ಕಣವ್ವ, ಗರಿಗರಿಯಾಗಿ ಉಯ್ದು ಕೊಡ್ತೀನಿ ಕೂತ್ಕೊ," ಎಂದು ಅವನು ಬೆಣ್ಣೆಯನ್ನು ಧಾರಾಳವಾಗಿ ಹಾಕಿದ. ಪುಟ್ಟಲಕ್ಷ್ಮಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಂದು ತುಂಡು ಮುರಿದು ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು, ಆದರೂ ನಗು ಬಂತು. ಅವಳು ತಿನ್ನುವುದನ್ನು ನೋಡುತ್ತ ಶಿವಣ್ಣ ತನ್ನ ಎಲೆಯನ್ನೇ ಮರೆತ.

ಚಟ್ನಿಯ ಬೋಗುಣಿಗೆ ಮುಚ್ಚಳವಿರಲಿಲ್ಲ. ಅಂಚಿನಲ್ಲಿ ನೊಣಗಳು ಕೂತಿದ್ದವು. "ನಂಗೆ ಪಲ್ಯ ಸಾಕು," ಎಂದಳು ಅವಳು.

"ನೊಣ ಎಲ್ಲಿರಲ್ಲ ಏಳು," ಎಂದು ಶಿವಣ್ಣ ಅವಳ ಪಾಲಿನ ಚಟ್ನಿಯನ್ನೂ ಹಾಕಿಸಿಕೊಂಡ. ಬಿಸಿಲಿನ ಝಳಕ್ಕೆ ಎರಡು ಲೋಟ ನಿಂಬೆಹಣ್ಣಿನ ಷರಬತ್ತನ್ನೂ ಕುಡಿದ. ಮಲ್ಲಯ್ಯ ಅದಕ್ಕೆ ಹೊಳೆಯಿಂದ ತಂದ ನೀರನ್ನು ಕೊಳಗದಿಂದ ಹಾಗೇ ಮೊಗೆದು ಹಾಕಿದ್ದ. ಪುಟ್ಟಲಕ್ಷ್ಮಿ ಬಿಸಿ ಟೀ ಕುಡಿದಳು.

ಮಾರನೆಯ ಬೆಳಿಗ್ಗೆ ಶಿವಣ್ಣ ಹಿತ್ತಲಿಗೂ ಮನೆಗೂ ಅಲೆಯತೊಡಗಿದ. ಭೇದಿಯ ಜೊತೆಗೆ ವಾಂತಿ. ಬಿಸಿಲೇರುವ ಹೊತ್ತಿಗೆ ಕಣ್ಣು ಗುಳಿಬಿದ್ದು, ತುಟಿ ಒಣಗಿ, ಚಾಪೆಯಿಂದ ಏಳಲಾರದೆ ಹೋದ. "ನೀರು," ಎಂದ. ಪುಟ್ಟಲಕ್ಷ್ಮಿ ಲೋಟ ತಂದರೆ ಜವರಮ್ಮ ಕಿತ್ತುಕೊಂಡಳು.

"ಬೇದಿ ಆಗೋವಾಗ ನೀರ್ ಕೊಟ್ರೆ ಇನ್ನೂ ಜಾಸ್ತಿ ಆಯ್ತದೆ. ಮೊದ್ಲೇ ನನ್ ಮಗನ್ನ ಓಟ್ಲಿಗೆ ಕರ್ಕೊಂಡೋಗಿ ಮಲಗಿಸಿದೀಯ. ಇನ್ನೂ ಏನ್ ಮಾಡಬೇಕು ಅಂತಿದೀಯ?"

ನನ್ನ ನಾಲಿಗೆಯ ಚಪಲಕ್ಕೆ ಇವರು ಹೀಗಾದರಲ್ಲ ಎಂದು ಪುಟ್ಟಲಕ್ಷ್ಮಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಕೇರಿಗೆ ಬಂದಿದ್ದ ನರ್ಸಮ್ಮ ಚಂಪಕ ಬೀದಿಯಲ್ಲಿ ಕಂಡಳು. ಪುಟ್ಟಲಕ್ಷ್ಮಿ ಓಡಿಹೋಗಿ ಕರೆತಂದಳು.

ಚಂಪಕ ಶಿವಣ್ಣನ ಹೊಟ್ಟೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟು ನೋಡಿದಳು. "ಮೈಯಲ್ಲಿರೋ ನೀರು ಖಾಲಿ ಆಗ್ತಾ ಇದೆ. ಈಗಲೇ ಕುಡಿಸಬೇಕು."

"ಕುಡ್ಸಿದ್ದೆಲ್ಲ ಆಚೆಗೇ ಓಯ್ತದಲ್ಲ ತಾಯಿ," ಎಂದಳು ಜವರಮ್ಮ.

"ಅಜ್ಜಿ, ಗದ್ದೆ ಬದು ಒಡೆದು ನೀರು ಹೋಗ್ತಾ ಇದೆ ಅಂತ ಕಾಲುವೆ ನೀರನ್ನೂ ನಿಲ್ಲಿಸಿಬಿಟ್ಟರೆ ಪೈರು ಏನಾಗುತ್ತೆ?"

"ಒಣಗೋಯ್ತದೆ."

"ನಿಮ್ಮ ಮಗನೂ ಹಾಗೇ ಒಣಗ್ತಾ ಇದ್ದಾನೆ."

ಜವರಮ್ಮ ಕಿತ್ತುಕೊಂಡಿದ್ದ ಲೋಟವನ್ನು ಕೆಳಗಿಟ್ಟಳು. ಚಂಪಕ ಹೇಳಿಕೊಟ್ಟಂತೆ ಪುಟ್ಟಲಕ್ಷ್ಮಿ ನೀರು ಕುದಿಸಿ, ಪಾತ್ರೆಯನ್ನು ತಣ್ಣೀರಿನ ಬಾನಿಯಲ್ಲಿಟ್ಟು ಆರಿಸಿದಳು. ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. "ಉಪ್ಪು ಹೆಚ್ಚಾಗಬಾರದು. ನೆಕ್ಕಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ರೆ ಚೆಲ್ಲಿ ಬೇರೆ ಮಾಡಿ," ಎಂದಳು ಚಂಪಕ. ಪುಟ್ಟಲಕ್ಷ್ಮಿಗೆ ಕಣ್ಣೀರಿನ ರುಚಿ ಬೆಳಗಿನಿಂದ ಚೆನ್ನಾಗಿ ಗೊತ್ತಿತ್ತು.

ಮೊದಲ ಗುಟುಕನ್ನು ಶಿವಣ್ಣ ಕಕ್ಕಿಬಿಟ್ಟ. "ನೋಡ್ದಾ, ನಾನೇಳ್ಲಿಲ್ವಾ?" ಎಂದಳು ಜವರಮ್ಮ.

"ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ. ಒಂದೊಂದೇ ಚಮಚ. ಕುಡಿದದ್ದು ನಿಲ್ಲದೆ ಹೋದರೆ, ರಕ್ತ ಬಿದ್ದರೆ, ಮಂಪರು ಬಂದರೆ, ಮೂತ್ರ ನಿಂತುಹೋದರೆ ಕೂಡಲೇ ಗಾಡಿ ಕಟ್ಟಿ ಆಸ್ಪತ್ರೆಗೆ ಬನ್ನಿ," ಎಂದು ಹೇಳಿ ಚಂಪಕ ಮುಂದಿನ ಮನೆಗೆ ಹೋದಳು.

ಅತ್ತೆ ಮುಖ ತಿರುಗಿಸಿ ಕೂತಿದ್ದಳು. ಪುಟ್ಟಲಕ್ಷ್ಮಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚ ಚಮಚವಾಗಿ ಕುಡಿಸಿದಳು. ಕೈ ಸೋತರೂ ಬಿಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಶಿವಣ್ಣ ತಾನೇ ಎದ್ದು ಗೋಡೆ ಹಿಡಿದು ಮೂತ್ರಕ್ಕೆ ಹೋಗಿ ಬಂದ. "ಗಂಜಿ ಇದ್ರೆ ಕೊಡಮ್ಮಿ," ಎಂದ. ಆ ಗಂಜಿಯನ್ನು ಜವರಮ್ಮ ತಾನೇ ಕಾಸಿದಳು. ಮಗನಿಗೆ ಕೊಟ್ಟ ಮೇಲೆ ಸೊಸೆಯ ಮುಂದೆಯೂ ಒಂದು ಬಟ್ಟಲು ಇಟ್ಟು, "ನೀನೂ ಬೆಳಗಿಂದ ಏನೂ ತಿಂದಿಲ್ಲ," ಎಂದಳು.

ಸಂಜೆ ಚಂಪಕ ಮತ್ತೆ ಬಂದಾಗ ಜವರಮ್ಮ ಹೇಳಿದಳು: "ಇನ್ಮೇಲೆ ನಮ್ಮನೆಯೋರು ಓಟ್ಲು ಕಡೆ ತಲೆ ಆಕಲ್ಲ ಬುಡಿ."

"ನಿಮ್ಮ ಸೊಸೆಯೂ ಅಲ್ಲೇ ತಿಂದಿದ್ದಾಳಲ್ಲ ಅಜ್ಜಿ. ಅವಳಿಗೇನೂ ಆಗಲಿಲ್ಲ. ಏನೇನು ತಿಂದ್ರಿ, ಹೇಳಿ."

ಪುಟ್ಟಲಕ್ಷ್ಮಿ ಹೇಳಿದಳು. ದೋಸೆ, ಪಲ್ಯ, ಟೀ, ಎಲ್ಲವೂ ಒಲೆಯಿಂದ ಇಳಿದದ್ದು. ಶಿವಣ್ಣನದಾದರೆ ಮುಚ್ಚದ ಚಟ್ನಿ, ಹಸಿ ನೀರಿನ ಷರಬತ್ತು.

"ಹೋಟೆಲು ತಪ್ಪಲ್ಲ," ಎಂದಳು ಚಂಪಕ. "ನೊಣ ಕೂತ ಚಟ್ನಿ, ಕಾಸದ ನೀರು, ಇವೇ ರೋಗದ ದಾರಿ. ಮನೆಯಲ್ಲಿ ಆದ್ರೂ ಅಷ್ಟೇ."

ಜವರಮ್ಮ ಎದ್ದುಹೋಗಿ ತನ್ನ ಅಡುಗೆಮನೆಯ ಕೊಡಕ್ಕೆ ತಟ್ಟೆ ಮುಚ್ಚಿ ಬಂದಳು.

ಶಿವಣ್ಣ ಚೇತರಿಸಿಕೊಂಡ ಮೇಲೆ ಗಂಡ ಹೆಂಡತಿ ಮಲ್ಲಯ್ಯನ ಹತ್ತಿರ ಹೋಗಿ ನಡೆದದ್ದನ್ನು ಹೇಳಿದರು. ಮಲ್ಲಯ್ಯನಿಗೆ ನೋವಾಯಿತು. "ಒಳೆ ನೀರು ಕುಡ್ದೇ ನಮ್ಮಪ್ಪ ಮುದುಕನಾದ. ನಾನು ಯಾರಿಗೂ ವಿಷ ಇಕ್ಕಿಲ್ಲ ಕಣ್ಲಾ ಶಿವಣ್ಣ."

"ನಿಮ್ಮ ಮೇಲೆ ದೂರಲ್ಲ ಕಣಣ್ಣ," ಎಂದಳು ಪುಟ್ಟಲಕ್ಷ್ಮಿ. "ನಿಮ್ ದೋಸೆ ತಿಂದ್ರೆ ಜೀವ ತಣ್ಣಗಾಯ್ತದೆ. ನಾವು ಬತ್ತಾನೇ ಇರಬೇಕು ಅಂತಲೇ ಏಳ್ತಿರೋದು. ಒಲೆ ಎಂಗೂ ಉರೀತಾ ಅದೆ, ಪಕ್ಕದಲ್ಲಿ ಒಂದು ಅಂಡೆ ನೀರು ಕುದಿಯಕ್ಕಿಡಿ."

ಮಲ್ಲಯ್ಯ ಆ ದಿನ ಕಾವಲಿಯ ಕಡೆಗೇ ತಿರುಗಿ ಮುಂದಿನ ದೋಸೆ ಹುಯ್ದ. ಆದರೆ ಮುಂದಿನ ಸಂತೆಗೆ ಹೋದಾಗ ಒಲೆಯ ಮಗ್ಗುಲಲ್ಲಿ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಚಟ್ನಿಗೆ ಮುಚ್ಚಳ ಬಂದಿತ್ತು. ಕೈ ತೊಳೆಯಲು ಸೋಪಿನ ತುಂಡೂ ಇತ್ತು.

ಶ್ರಾವಣಕ್ಕೆ ಮುಂಚೆ ಜವರಮ್ಮ ಕಣ್ಣು ತೋರಿಸಲು ಪಟ್ಟಣಕ್ಕೆ ಬಂದಳು. ವಾಪಸು ಬರುವಾಗ ಬಸ್ಸು ತಡವಾಯಿತು. ಮಗ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕಿ ತಾನಾಗಿಯೇ ಚಪ್ಪರದೊಳಗೆ ಹೋಗಿ ಬೆಂಚಿನ ಮೇಲೆ ಕೂತು, "ನೀರು ಕಾಸಿದ್ದೇನಪ್ಪ?" ಎಂದು ಕೇಳಿದಳು.

"ಕಾಸಿದ್ದೇ ಕಣವ್ವ."

"ಅಂಗಾರೆ ಒಂದು ದೋಸೆ ಉಯ್ಯಿ. ಬೆಣ್ಣೆ ಒಸಿ ಜಾಸ್ತೀನೇ ಇರ್ಲಿ. ನನ್ ಸೊಸೆಗೂ ಒಂದು."

ಅಕ್ಕಂದಿರೇ, ಅಣ್ಣಂದಿರೇ, ಪೇಟೆಗೆ ಹೋದಾಗ ಖುಷಿಯಾಗಿ ತಿನ್ನಿ. ಕೈ ತೊಳೆದು ಕೂರಿ. ಬಿಸಿಯಾದದ್ದನ್ನು, ಮುಚ್ಚಿಟ್ಟದ್ದನ್ನು ಕೇಳಿ ಪಡೆಯಿರಿ. ಕಾಸಿದ ನೀರೇ ಎಂದು ಕೇಳಲು ನಾಚಬೇಡಿ. ಯಾರಿಗಾದರೂ ಭೇದಿ ಹತ್ತಿದರೆ ನೀರು ನಿಲ್ಲಿಸಬೇಡಿ. ಸಕ್ಕರೆ ಉಪ್ಪಿನ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ, ಮಗುವಾದರೆ ಎದೆಹಾಲನ್ನೂ ಬಿಡಿಸಬೇಡಿ. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇದನ್ನು ಓದಿದ ಮೇಲೆ ಪಕ್ಕದ ಮನೆಯವರಿಗೂ ಓದಿ ಹೇಳಿ.