ಶಾಮಲಮ್ಮನವರ ‘ಆಮೇಲೆ?’

ಶಾಮಲಮ್ಮನವರ ಎದುರು ಕುಳಿತು, ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿದೆ ಎಂದು ನೆಮ್ಮದಿಯಿಂದ ಎದ್ದವರು ಯಾರೂ ಇಲ್ಲ. ಮಾತು ನಿಂತ ಕಡೆ ಅವರು ಕತ್ತನ್ನು ತುಸು ವಾಲಿಸಿ ‘ಆಮೇಲೆ?’ ಎನ್ನುವರು. ಎಮ್ಮೆ ಒದ್ದು ಹಾಲು ಚೆಲ್ಲಿತೆಂದು ಹಾಲಿನವನು ಗೋಳಾಡಿದರೂ ‘ಆಮೇಲೆ?’, ಆಸ್ಪತ್ರೆಯ ದೊಡ್ಡ ಡಾಕ್ಟರು ಗದರಿ ಸುಸ್ತಾಗಿ ಕುಳಿತರೂ ‘ಆಮೇಲೆ?’. ಬಿರುಬೇಸಿಗೆಯಲ್ಲೂ ಸೀರೆಯ ಮೇಲೆ ತೀರಿಹೋದ ಅಣ್ಣನ ಕಂದು ಉಣ್ಣೆಯ ಕೋಟು, ಅದರ ಜೇಬಿನಲ್ಲಿ ಹುರಿಗಡಲೆ, ಬಸ್ಸು ಬರಲು ಇನ್ನೂ ಹೊತ್ತಿದ್ದರೂ ಅದು ಹೊರಟೇಬಿಟ್ಟಿತೆಂಬಂಥ ನಡಿಗೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದಿ ಬಂದ ಈಕೆಗೆ ಕೋಲಾರದ ಒಂದು ಆಸ್ಪತ್ರೆಯವರು ಎಕ್ಸ್‌ರೇ ಕೋಣೆಯ ಪಕ್ಕದ ಕತ್ತಲೆ ಮೂಲೆಯೊಂದನ್ನು ಕೊಟ್ಟಿದ್ದರು. ಸೂಜಿಯಿಲ್ಲ, ಗುಳಿಗೆಯಿಲ್ಲ, ಬರೀ ಮಾತು. ಹರಟೆಗೂ ಸಂಬಳ ಕೊಡ್ತಾರಲ್ಲ ಎಂದು ಜವಾನ ಸೊಣ್ಣಪ್ಪ ಎದುರಿಗೇ ನಗುತ್ತಿದ್ದ.

ಆ ಮೂಲೆಗೆ ಸುಗಟೂರಿನ ಗಂಗರತ್ನಮ್ಮ ಬಂದಳು, ತೊಳೆದ ಕೈ ಸೀರೆಗೆ ತಾಗದಂತೆ ಮುಂದಕ್ಕೆ ಚಾಚಿಕೊಂಡು. ಗೋಡೆಯಾಚೆಯಿಂದ ಗಂಡಸಿನ ದನಿಯೊಂದು ಅವಳಿಗೆ ಕೇಳಿಸುತ್ತಿತ್ತು. ಸೂಜಿಮದ್ದಿನಿಂದ ಅದು ತಗ್ಗಿತ್ತೇ ಹೊರತು ಹೋಗಿರಲಿಲ್ಲ. ಕೈ ತೊಳೆಯುವ ಗೀಳು ಮಾತ್ರ ಏರುತ್ತಲೇ ಇತ್ತು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಶುಚಿ ದೊಡ್ಡ ಗುಣ, ಹಾಗಾಗಿ ಅತ್ತೆ ಅಂಜಮ್ಮ ಇಂಥ ಸೊಸೆ ಯಾರಿಗುಂಟು ಎಂದು ಊರೆಲ್ಲ ಹೊಗಳಿಕೊಂಡು ತಿರುಗಿದಳು. ಅಷ್ಟರಲ್ಲಿ ಸೊಸೆ ಹಿಪ್ಪುನೇರಳೆ ಸೊಪ್ಪನ್ನೂ ಎಲೆ ಎಲೆಯಾಗಿ ತೊಳೆಯತೊಡಗಿದ್ದಳು. ಒದ್ದೆ ಸೊಪ್ಪು ತಿಂದ ಹುಳುಗಳಿಗೆ ರೋಗ ಬಡಿದು ಬೆಳೆಗೆ ಬೆಳೆಯೇ ತಿಪ್ಪೆ ಸೇರಿತು. ಗಂಡ ಕದಿರಪ್ಪ ಅವಳು ಒಳಹೋಗದಂತೆ ಹುಳುಮನೆಗೆ ಬೀಗ ಹಾಕಿದ. ಇನ್ನೊಮ್ಮೆ ಹೀಗಾದರೆ ಮುಳಬಾಗಿಲು ಕಡೆಯ ತವರಿಗೆ ಬಿಟ್ಟುಬರುವುದೇ ಸರಿ ಎಂದ.

‘ತೊಳಿ’ ಎಂದು ಅವಳಿಗೆ ಹೇಳುವುದು ಆ ದನಿಯೇ, ಮದ್ದು ಹೆಚ್ಚಿಸಿದರಾಯಿತು, ಚಿತ್ತ ಕೆಟ್ಟವಳ ಹತ್ತಿರ ಏನು ಮಾತು ಎಂಬುದು ದೊಡ್ಡ ಡಾಕ್ಟರ ತೀರ್ಪು. ಶಾಮಲಮ್ಮನವರು ಯಾರೂ ಕೇಳದ ಪ್ರಶ್ನೆಯೊಂದನ್ನು ಕೇಳಿದರು.

“ಅವನು ಯಾವ ಭಾಷೇಲಿ ಮಾತಾಡ್ತಾನೆ ಕಣೇ?”

“ತೆಲುಗಲ್ಲಿ, ಮೇಡಮ್ಮೋರೆ. ನಮ್ ತವರಿನ ತೆಲುಗು. ‘ವಚ್ಚಿಂದಿ ಚೂಡು’ ಅಂತಾನೆ. ಬಂದ್ಲು ನೋಡು ಅಂತ, ಅಷ್ಟೇ.”

“ಮತ್ತೆ, ತೊಳಿ ಅನ್ನೋದು?”

ಗಂಗರತ್ನಮ್ಮ ತನ್ನ ಕೈಯನ್ನೇ ನೋಡಿದಳು. “ಅದು ಕನ್ನಡ. ಅದು ಅವನಲ್ಲ. ನಾನೇ.”

ಶಾಮಲಮ್ಮನವರು ಎದ್ದ ರಭಸಕ್ಕೆ ಜೇಬಿನ ಹುರಿಗಡಲೆ ನೆಲದ ತುಂಬ ಹರಡಿತು. ದನಿ ಬೇರೆ, ಗೀಳು ಬೇರೆ! ದನಿಯನ್ನು ಮದ್ದು ನೋಡಿಕೊಳ್ಳಲಿ, ಗೀಳು ತಮ್ಮ ಪಾಲಿನ ಕೆಲಸ. ಅಂದಿನಿಂದ ವಾರ ವಾರವೂ ಮಾತು ನಡೆಯಿತು. ತೊಳೆಯದಿದ್ದರೆ? ಹುಳ ಸಾಯ್ತವೆ. ಆಮೇಲೆ? ನಾನೇ ಕೊಂದಂಗಾಗ್ತದೆ. ಆಮೇಲೆ? ಮಾತು ಸೋತ ಕಡೆ ಕೆಲಸ: ಮೇಜಿನ ಮೇಲಿನ ಸೊಪ್ಪು ಮುಟ್ಟಬೇಕು, ನಲ್ಲಿಯ ಕಡೆ ಹೋಗದೆ ಕುಳಿತಿರಬೇಕು. ಶಾಮಲಮ್ಮನವರೂ ಅದೇ ಸೊಪ್ಪು ಮುಟ್ಟಿ, ಅದೇ ಕೈಯಿಂದ ಕಡಲೆ ತಿನ್ನುತ್ತ ಎದುರು ಕೂರುವರು. ಎದೆ ಹೊಡೆದುಕೊಳ್ಳುತ್ತಿದ್ದಾಗ ಒಮ್ಮೆ ಗಂಗರತ್ನಮ್ಮ, ಇದು ಹುಳದ ಜ್ವರದಂಗೆ ಅಂದಳು. ಬಾಗಿಲಲ್ಲಿದ್ದ ದೊಡ್ಡ ಡಾಕ್ಟರು, ಕರಾವಳಿಯಿಂದ ಬಂದವರು, ಹುಳಕ್ಕೂ ಜ್ವರವೇ, ಭ್ರಮೆ ಹೆಚ್ಚಾಯಿತಲ್ಲ ಎಂದು ಮದ್ದು ಏರಿಸಲು ಹೊರಟರು. ಹುಳು ಸಾಕುವ ಹುತ್ತೂರಿನ ಸೊಣ್ಣಪ್ಪ ಬಿದ್ದುಬಿದ್ದು ನಕ್ಕು ಬಿಡಿಸಿ ಹೇಳಿದ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ಈ ಸೀಮೆಯಲ್ಲಿ ಜ್ವರವೆನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಕದಲಿಸಬಾರದು, ತಾನಾಗಿ ಏಳುತ್ತದೆ. ಶಾಮಲಮ್ಮನವರು ಆ ಮಾತನ್ನು ತಕ್ಷಣ ತಮ್ಮದಾಗಿಸಿಕೊಂಡರು. ತೊಳೆಯಬೇಕೆನ್ನಿಸಿದಾಗಲೆಲ್ಲ ಅವರದು ಒಂದೇ ಅಪ್ಪಣೆ: “ಜ್ವರಕ್ಕೆ ಕೂತಿದೆ. ಮುಟ್ಟಬೇಡ.”

ಮುಂದಿನ ಬೆಳೆಯ ಹುಳುಗಳು ಕೊನೆಯ ಜ್ವರದಿಂದೆದ್ದ ಬೆಳಿಗ್ಗೆ ಶಾಮಲಮ್ಮನವರು ಬಸ್ಸು ಹಿಡಿದು ಸುಗಟೂರಿಗೆ ಹೋದರು, ಅದೇ ಕೋಟಿನಲ್ಲಿ. ಕದಿರಪ್ಪ ಒಲ್ಲದ ಮನಸ್ಸಿನಿಂದ ಬೀಗ ತೆಗೆದ. ಸೊಸೆ ಅತ್ತೆ ತೊಳೆಯುವಷ್ಟೇ, ಒಮ್ಮೆ ಮಾತ್ರ, ಕೈ ತೊಳೆದು ಸೊಪ್ಪಿನ ಮಂಕರಿ ಎತ್ತಿಕೊಂಡಳು. ಹುಳುಗಳ ತಟ್ಟೆಯ ಮುಂದೆ ಅವಳ ಕೈ ನಿಂತುಬಿಟ್ಟಿತು.

“ನೀರ್ ತಂದ್ಕೊಡ್ಲೇನಮ್ಮ ಮಹಾರಾಣಿ?” ಎಂದಳು ಅಂಜಮ್ಮ.

ಗಂಗರತ್ನಮ್ಮ ಶಾಮಲಮ್ಮನವರ ಕಡೆ ತಿರುಗಿದಳು. “ವಚ್ಚಿಂದಿ ಅಂತವ್ನೆ, ಮೇಡಮ್ಮೋರೆ.”

“ಬಂದಿದೀಯಲ್ಲ, ನಿಜ ತಾನೆ. ಆಮೇಲೆ?”

“ಆಮೇಲೆ…” ಎಂದವಳು ಉಸಿರು ಬಿಟ್ಟಳು. “ಆಮೇಲೆ ಸೊಪ್ಪು ಹಾಕ್ತೀನಿ.”

ಹಾಕಿದಳು. ಹಸಿದ ಹುಳುಗಳು ಒಟ್ಟಿಗೆ ಮೇಯತೊಡಗಿದ ಸದ್ದಿಗೆ ಕೋಣೆಯೇ ಗಿಜಿಗುಟ್ಟಿತು. ಕದಿರಪ್ಪ ಬೀಗವನ್ನು ಮೊಳೆಗೆ ನೇತುಹಾಕಿ, ಇನ್ನೊಂದು ಮಂಕರಿ ತಂದು ಹೆಂಡತಿಯ ಪಕ್ಕಕ್ಕಿಟ್ಟ.

ಆ ದನಿ ಪೂರ್ತಿ ಹೋಗಲಿಲ್ಲ. ಗೀಳೂ ಆಗಾಗ ತಲೆಯೆತ್ತುತ್ತಿತ್ತು. ಶಾಮಲಮ್ಮನಂಥವರನ್ನು ಕರುಣಾಮಯಿಗಳೆಂದು ಹೊಗಳುವುದು ವಾಡಿಕೆ. ಅವರಲ್ಲಿ ಕರುಣೆ ಎಷ್ಟಿತ್ತೋ ಹೇಳಲಾರೆ, ಕುತೂಹಲವಂತೂ ಅಪಾರ. ಹುಚ್ಚರ ಮಾತಿಗೆ ಅರ್ಥವಿಲ್ಲವೆಂದು ಲೋಕವೆಲ್ಲ ಎದ್ದುಹೋದ ಮೇಲೂ, ಮುಂದಿನ ವಾಕ್ಯ ಕೇಳದೆ ಕುರ್ಚಿ ಬಿಡಲೊಲ್ಲದ ಜನ ಕೆಲವರಿರುತ್ತಾರೆ. ಅವರು ಕೂತಿರುವ ತನಕ, ಎದುರಿಗಿರುವವರಿಗೂ ಮುಂದೊಂದು ವಾಕ್ಯ ಉಳಿದಿರುತ್ತದೆ.